ಕಡಲಾಚೆಯ ಚರಿತ್ರೆಯು ನಮ್ಮ ಹೆಣ್ಣುಮಕ್ಕಳಿಗೆ ಏತಕ್ಕೆ?

ಈ ಸ್ಮರಣ ಸಂಚಿಕೆಯು ನಮ್ಮ ಹಳೆಯ ವಿದ್ಯಾರ್ಥಿನಿಯರ ಕೈಗೂ ಈಗ ಓದುತ್ತಿರುವವರ ತಾಯ್ತಂದೆಗಳ ಕೈಗೂ ಸೇರುವದರಿಂದ, ಪರೀಕ್ಷೆಯ ಫಲಿತಾಂಶ, ಕಟ್ಟಡ, ಕ್ರೀಡೆ ಮೊದಲಾದ ಸಂಗತಿಗಳನ್ನು ವರದಿಯ ಪುಟಗಳಿಗೆ ಬಿಟ್ಟು, ಒಂದೇ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಇಲ್ಲಿ ತಿಳಿಸಲು ಇಚ್ಛಿಸುತ್ತೇವೆ. ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಪುರಾತನ ಗ್ರೀಕರ ಮತ್ತು ರೋಮನರ ನಾಗರಿಕತೆ, ಲೋಕದ ದೊಡ್ಡ ಮತಗಳು, ಮಧ್ಯಯುಗದ ಯುರೋಪು ಎಂಬ ಪಾಠಗಳು ಇವೆಯಷ್ಟೆ. ಪೋಷಕರ ಸಭೆ ಕೂಡಿದಾಗ ಈ ಪಾಠಗಳ ವಿಷಯವಾಗಿ ಒಂದು ಪ್ರಶ್ನೆಯು ನಮ್ಮ ಮುಂದೆ ಬಾರದೆ ಇರುವದಿಲ್ಲ. “ನರ್ಸ್ ಆಗುವವಳಿಗೆ, ಬ್ಯಾಂಕಿನ ಕೆಲಸಕ್ಕೆ ಹೋಗುವವಳಿಗೆ ಅಥೆನ್ಸಿನ ಸುದ್ದಿ ಯಾಕೆ ಟೀಚರ್? ಆ ಪೀರಿಯಡನ್ನು ಗಣಿತಕ್ಕೆ ಕೊಡಬಾರದೇ?”

ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಬೆಳಗಾಗುತ್ತಲೇ ಎದ್ದು ಮಲ್ಲಿಗೆಯ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆ ಹಣದಿಂದ ಮಗಳನ್ನು ಓದಿಸುವ ತಾಯಿಯು ಈ ಶಂಕರಪುರದ ಸುತ್ತಿನಲ್ಲಿ ಮನೆಮನೆಗೂ ಇದ್ದಾಳೆ. ತಾನು ತೆರುವ ಹಣಕ್ಕೆ ಮಗಳು ಕಲಿಯುವದೇನೆಂದು ಕೇಳುವ ಹಕ್ಕು ಅವಳಿಗೆ ಉಂಟು. ಅಲ್ಲದೆ ಈ ಪಾಠಗಳನ್ನು ಹೆಸರುಗಳ ಪಟ್ಟಿಯಂತೆ ಬಾಯಿಪಾಠ ಮಾಡಿ, ಒಂದು ಅಂಕದ ಉತ್ತರವಾಗಿ ಬರೆದು, ಮರುದಿವಸವೇ ಮರೆತುಬಿಡುವದಾದರೆ ಅವುಗಳಿಂದ ಏನೂ ಪ್ರಯೋಜನವಿಲ್ಲವೆಂಬದನ್ನು ನಾವೂ ಒಪ್ಪುತ್ತೇವೆ. ಆದರೆ ಸರಿಯಾಗಿ ಕಲಿಸಿದರೆ ಈ ಪಾಠಗಳು ನಮ್ಮ ಹುಡುಗಿಯರಿಗೆ ಬೇರೆ ಯಾವ ಪಾಠವೂ ತಿಳಿಸದ ಒಂದು ಮಾತನ್ನು ತಿಳಿಸುತ್ತವೆ. ಅದೇನಂದರೆ, ಮನುಷ್ಯರು ಗಳಿಸಿದ ಒಳ್ಳೆಯದು ತಾನಾಗಿ ಉಳಿಯುವದಿಲ್ಲ. ಕಾಯ್ದುಕೊಂಡವರಲ್ಲಿ ಮಾತ್ರ ಉಳಿಯುತ್ತದೆ.

ಮೊದಲನೆಯದಾಗಿ, ಈ ಚರಿತ್ರೆಯು ಪೂರಾ ಪರದೇಶದ್ದೆಂಬ ಎಣಿಕೆಯೇ ಸರಿಯಲ್ಲ. ಐಗುಪ್ತ ದೇಶದ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ದೊರೆತ ಪಪೈರಸ್ ಹಾಳೆಗಳಲ್ಲಿ ಗ್ರೀಕ್ ಭಾಷೆಯ ಒಂದು ಪ್ರಹಸನವಿತ್ತು. ಹಾಳೆಯು ಕ್ರಿ. ಶ. ಎರಡನೆಯ ಶತಮಾನದ್ದು, ಅದು ಅಚ್ಚಾಗಿ ಪ್ರಕಟವಾದದ್ದು ೧೯೦೩ರಲ್ಲಿ. ಖಾರಿಟಿಯೋನ್ ಎಂಬ ಗ್ರೀಕ್ ಯುವತಿಯು ಹಿಂದೂದೇಶದ ಕಡಲತೀರದಲ್ಲಿ ಸೆರೆಯಾಗಿದ್ದಾಳೆ. ಅವಳ ಅಣ್ಣನೂ ಸಂಗಡಿಗರೂ ಬಂದು, ಅಲ್ಲಿಯ ಅರಸನಿಗೂ ಅವನ ಜನರಿಗೂ ನೀರು ಬೆರಸದ ದ್ರಾಕ್ಷಾರಸವನ್ನು ಕುಡಿಸಿ, ಅಮಲೇರಿದಾಗ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಇದೇ ಕಥೆ. ಆ ಅರಸನೂ ಅವನ ಜನರೂ ಆಡುವ ಮಾತುಗಳು ಗ್ರೀಕ್ ಅಲ್ಲ. ಅವು ಕನ್ನಡವೆಂದು ಹುಲ್ಟ್ಸ್ ಎಂಬ ಜರ್ಮನ್ ಪಂಡಿತರು ೧೯೦೪ರಲ್ಲಿ ಸೂಚಿಸಿದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಶಾಸ್ತ್ರಿಗಳು ಇದನ್ನು ಎತ್ತಿಹಿಡಿದರು. ತುಳುವೆಂದು ವಾದಿಸಿದವರೂ ಇದ್ದಾರೆ, ಅರ್ಥವಿಲ್ಲದ ಹಾಸ್ಯದ ಶಬ್ದಗಳೆಂದು ತಳ್ಳಿದವರೂ ಇದ್ದಾರೆ. ಕಥೆ ನಡೆದ ರೇವು ನಮ್ಮ ಮಲ್ಪೆಯೇ ಎಂಬದು ಕೆಲವರ ಊಹೆ.

ಇದು ನಿಜವೇ ಅಲ್ಲವೇ ಎಂದು ಹುಡುಗಿಯರು ಕೇಳುತ್ತಾರೆ. ಆ ಕೇಳುವಿಕೆಯೇ ನಮಗೆ ಬೇಕಾದದ್ದು. ಇಷ್ಟು ಮಂದಿ ವಿದ್ವಾಂಸರು ಒಂದೇ ಹಾಳೆಯನ್ನು ನೋಡಿ ಬೇರೆ ಬೇರೆ ತೀರ್ಮಾನಕ್ಕೆ ಬರುವದಾದರೆ, ಯಾವ ಆಧಾರದಿಂದ ಏನನ್ನು ನಂಬಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂದು ವಿಚಾರಿಸುವ ಅಭ್ಯಾಸವು ಹುಟ್ಟುತ್ತದೆ. ಮೊಬೈಲಿನಲ್ಲಿ ಗಳಿಗೆಗೊಂದು ಸುದ್ದಿ ಬಂದು, ಓದಿದವರೆಲ್ಲರೂ ಅದನ್ನು ಮುಂದಕ್ಕೆ ಕಳುಹಿಸುವ ಈ ಕಾಲದಲ್ಲಿ, ಈ ಅಭ್ಯಾಸವು ಗಣಿತದ ಒಂದು ಪೀರಿಯಡಿಗಿಂತ ಕಡಿಮೆ ಬೆಲೆಯದೆಂದು ಯಾರು ಹೇಳುವರು?

ಸಂಶಯಕ್ಕೆ ಎಡೆಯಿಲ್ಲದ ಆಧಾರಗಳೂ ಉಂಟು. ರೋಮನ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ಸಿಕ್ಕಿವೆ. ಕ್ರಿ. ಶ. ೭೯ರಲ್ಲಿ ವೆಸೂವಿಯಸ್ ಅಗ್ನಿಪರ್ವತವು ಸಿಡಿದಾಗ ಮೃತನಾದ ಪ್ಲಿನಿ ಎಂಬ ರೋಮನ್ ಗ್ರಂಥಕರ್ತನು, ಹಿಂದೂದೇಶ, ಚೀನ, ಅರೇಬಿಯ ಇವು ಮೂರು ಕೂಡಿ ವರುಷಕ್ಕೆ ೧೦ ಕೋಟಿ ಸೆಸ್ಟರ್ಸ್ ಹಣವನ್ನು ರೋಮಿನಿಂದ ಸೆಳೆಯುತ್ತವೆಂದು ದುಃಖದಿಂದ ಬರೆದನು. ಇದಕ್ಕೆಲ್ಲಾ ಕಾರಣವೇನೆಂದರೆ ನಮ್ಮ ಭೋಗವೂ ನಮ್ಮ ಹೆಂಗಸರೂ ಎಂದು ಅವನ ಅಭಿಪ್ರಾಯ! ಮನೆಯ ಖರ್ಚು ಹೆಚ್ಚಿದರೆ ತಪ್ಪು ಯಾರ ಮೇಲೆ ಬೀಳುತ್ತದೆಂಬದನ್ನು ನಮ್ಮ ಓದುಗರಾದ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ಆ ಪದ್ಧತಿಯು ಎರಡು ಸಾವಿರ ವರುಷದಷ್ಟು ಹಳೆಯದೆಂದು ತಿಳಿದರೆ ಸಾಕು.

ಎರಡನೆಯದಾಗಿ, ಗ್ರೀಕರ ಚರಿತ್ರೆಯು ನಮ್ಮ ಮಕ್ಕಳಿಗೆ ಹೊಗಳಿಕೆಯನ್ನಷ್ಟೇ ಅಲ್ಲ, ತೂಗಿ ನೋಡುವದನ್ನೂ ಕಲಿಸುತ್ತದೆ. ಪ್ರಜಾಪ್ರಭುತ್ವವು ಅಥೆನ್ಸಿನಲ್ಲಿ ಹುಟ್ಟಿತೆಂದು ಪುಸ್ತಕದಲ್ಲಿ ಓದುತ್ತಾರೆ. ನಾಗರಿಕರೆಲ್ಲರೂ ಬೆಟ್ಟದ ಮೇಲೆ ಕೂಡಿ ಯುದ್ಧ ಸಂಧಾನಗಳನ್ನು ಕೈಯೆತ್ತಿ ನಿಶ್ಚಯಿಸಿದರೆಂಬದು ದೊಡ್ಡ ಸಂಗತಿಯೇ ಸರಿ. ಆದರೆ ಆ ನಾಗರಿಕರಲ್ಲಿ ದಾಸರು ಸೇರಲಿಲ್ಲ, ಹೆಂಗಸರೂ ಸೇರಲಿಲ್ಲ. ಕ್ರಿ. ಪೂ. ೪೫೧ರಲ್ಲಿ ಪೆರಿಕ್ಲಿಸನು ಮಾಡಿಸಿದ ಕಟ್ಟಳೆಯ ಪ್ರಕಾರ, ತಂದೆಯೂ ತಾಯಿಯೂ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಮಗನು ನಾಗರಿಕನಾಗುತ್ತಿದ್ದನು. ನಾಗರಿಕನನ್ನು ಹೆರಲಿಕ್ಕೆ ತಾಯಿಯು ಬೇಕು, ಆದರೆ ಸಭೆಯಲ್ಲಿ ಬಾಯಿ ತೆರೆಯಲಿಕ್ಕೆ ಅವಳಿಗೆ ಅಪ್ಪಣೆಯಿಲ್ಲ! ಇಂದು ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿವೆ. ನಮ್ಮ ಈ ಪಾಠವನ್ನು ಓದಿದ ಹುಡುಗಿಯು ಆ ಕುರ್ಚಿಯ ಬೆಲೆಯನ್ನು ತಿಳಿದವಳಾಗುವಳು. ಗಂಡನು ಹೇಳಿದಲ್ಲಿ ಸಹಿ ಹಾಕಿ ಎದ್ದುಬರುವ ಸದಸ್ಯೆಯಾಗಲು ಅವಳು ಸುಲಭವಾಗಿ ಒಪ್ಪಲಾರಳು ಎಂದು ನಮ್ಮ ನಂಬಿಕೆ.

ಮೂರನೆಯದು ಮತಗಳ ಪಾಠ. ಇದನ್ನು ಕೈಬಿಟ್ಟರೆ ಲೇಸೆಂದು ಹೇಳುವವರು ಒಂದು ಕಡೆ, ತಮ್ಮ ಮತದ ಭಾಗವನ್ನು ಮಾತ್ರ ಕಲಿಸಿರೆಂಬವರು ಇನ್ನೊಂದು ಕಡೆ. ನಾವು ಇಬ್ಬರಿಗೂ ಒಪ್ಪುವದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತವಳ ಮತವನ್ನು ನಮ್ಮ ಹುಡುಗಿಯು ಶಾಲೆಯಲ್ಲಿ ಕಲಿಯದಿದ್ದರೆ ಬೀದಿಯಲ್ಲಿ ಕಲಿಯುವಳು. ಬೀದಿಯು ಒಳ್ಳೆಯ ಉಪಾಧ್ಯಾಯನಲ್ಲ. ನಮ್ಮ ತೋಟದ ಮಲ್ಲಿಗೆಯು ದೇವಸ್ಥಾನಕ್ಕೂ ಭೂತದ ಕೋಲಕ್ಕೂ ಹೋಗುತ್ತದೆ. ಕ್ರೈಸ್ತ ಮದುಮಗಳ ತಲೆಗೂ ಮುಸಲ್ಮಾನ ಮದುಮಗಳ ತಲೆಗೂ ಏರುತ್ತದೆ. ಹೂವಿಗೆ ತಿಳಿದ ದಾರಿಯು ಹೂ ಕಟ್ಟುವ ಮನೆಯ ಮಕ್ಕಳಿಗೆ ತಿಳಿಯಬಾರದೇ?

ಈ ಕರಾವಳಿಯ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮಂಗಳೂರಿನ ಕದ್ರಿಯ ಶಿವಾಲಯದಲ್ಲಿ ಬೌದ್ಧರ ಲೋಕೇಶ್ವರನ ಕಂಚಿನ ಪ್ರತಿಮೆಯಿದೆ. ಅದನ್ನು ಆಳುಪ ಅರಸನಾದ ಕುಂದವರ್ಮನು ೯೬೮ರಲ್ಲಿ ಸ್ಥಾಪಿಸಿದನೆಂದು ಶಾಸನವು ಹೇಳುತ್ತದೆ. ಜೈನರ ಗೊಮ್ಮಟನು ಕಾರ್ಕಳದ ಬಂಡೆಯ ಮೇಲೆ ನಿಂತದ್ದು ೧೪೩೨ರಲ್ಲಿ. ಉಡುಪಿಯ ಮಧ್ವಾಚಾರ್ಯರು ಸೂತ್ರಗಳಿಗೆ ಭಾಷ್ಯ ಬರೆದು ವಾದ ನಡೆಸುತ್ತಿದ್ದ ಹದಿಮೂರನೆಯ ಶತಮಾನದಲ್ಲಿಯೇ ಪ್ಯಾರಿಸಿನಲ್ಲಿ ಥಾಮಸ್ ಅಕ್ವಿನಸನು ಕ್ರೈಸ್ತ ತತ್ವಗಳನ್ನು ಅರಿಸ್ಟಾಟಲನ ತರ್ಕದಿಂದ ವಿವರಿಸುತ್ತಿದ್ದನು. ಆ ಅರಿಸ್ಟಾಟಲನ ಗ್ರಂಥಗಳಲ್ಲಿ ಅನೇಕವು ಯುರೋಪಿಗೆ ತಿರುಗಿ ದೊರೆತದ್ದು ಅರಬ್ಬೀ ಭಾಷೆಯ ಮೂಲಕ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಿರುಗಿಸಿದವರಲ್ಲಿ ಮುಖ್ಯನಾದ ಹುನೈನ್ ಇಬ್ನ್ ಇಸ್ಹಾಕನು ಕ್ರೈಸ್ತನು. ಅವನಿಗೆ ಆಶ್ರಯ ಕೊಟ್ಟ ಖಲೀಫರು ಮುಸಲ್ಮಾನರು. ಅವನು ಉಳಿಸಿದ ವಿದ್ಯೆಯು ಗ್ರೀಕರದು. ವಿದ್ಯೆಯು ಒಬ್ಬರ ಮನೆಯಲ್ಲಿ ಆರಿಹೋಗುವಾಗ ಇನ್ನೊಬ್ಬರ ಮನೆಯಲ್ಲಿ ಕಾಪಾಡಲ್ಪಟ್ಟದ್ದು ಹೀಗೆ.

ಆದರೆ ಇದೆಲ್ಲವೂ ಬರೇ ಸೌಹಾರ್ದದ ಕಥೆಯೆಂದು ಹೇಳಿ ಮಕ್ಕಳನ್ನು ಮರುಳುಗೊಳಿಸಬಾರದು. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ೧೩೪೨ರ ಸುಮಾರಿಗೆ ಬಾರ್ಕೂರು ಮಂಗಳೂರುಗಳನ್ನು ಹಾದುಹೋದನು. ಮಂಗಳೂರಿನಲ್ಲಿ ಸುಮಾರು ೪,೦೦೦ ಮುಸಲ್ಮಾನರು ಊರ ಹೊರಗಣ ಕೇರಿಯಲ್ಲಿ ಇದ್ದರೆಂದೂ, ಅವರಿಗೂ ಊರವರಿಗೂ ಆಗಾಗ್ಗೆ ಕಾದಾಟ ನಡೆಯುತ್ತಿತ್ತೆಂದೂ, ವರ್ತಕರ ಅಗತ್ಯವಿದ್ದ ಅರಸನು ಇಬ್ಬರನ್ನೂ ರಾಜಿ ಮಾಡಿಸುತ್ತಿದ್ದನೆಂದೂ ಬರೆದಿದ್ದಾನೆ. ಜಗಳವು ಹೊಸದಲ್ಲ, ರಾಜಿಯೂ ಹೊಸದಲ್ಲ. ಜಗಳಕ್ಕೆ ಯಾರ ಪ್ರಯತ್ನವೂ ಬೇಡ, ರಾಜಿಗಾದರೋ ಯಾರಾದರೊಬ್ಬರು ದುಡಿಯಲೇ ಬೇಕಾಗಿತ್ತು. ಇದನ್ನು ತಿಳಿದ ಹುಡುಗಿಯು ತನ್ನ ಊರಿನಲ್ಲಿ ಯಾವ ಕೆಲಸಕ್ಕೆ ಕೈಹಾಕಬೇಕೆಂಬದನ್ನು ತಾನೇ ಆರಿಸಿಕೊಳ್ಳಲಿ.

ನಾಲ್ಕನೆಯದಾಗಿ ಮಧ್ಯಯುಗದ ಯುರೋಪು. ಸಾಮಂತ ಪದ್ಧತಿಯೆಂದರೆ ಮಕ್ಕಳಿಗೆ ಅದು ಬರೇ ಶಬ್ದ. ಅಜ್ಜಿಯನ್ನು ಕೇಳಿಕೊಂಡು ಬನ್ನಿರೆಂದು ಹೇಳಿದರೆ ಮರುದಿನ ತರಗತಿಯೇ ಬೇರೆ. ಗೇಣಿಯ ಅಕ್ಕಿಯನ್ನು ಮುಡಿ ಕಟ್ಟಿ ಧಣಿಗಳ ಮನೆಗೆ ಹೊತ್ತದ್ದು, ಬೆಳೆ ಹೋದ ವರುಷವೂ ಗೇಣಿ ತಪ್ಪದೆ ಇದ್ದದ್ದು, ೧೯೭೪ರ ಭೂಸುಧಾರಣೆಯ ಕಾನೂನು ಬಂದಾಗ ಡಿಕ್ಲರೇಶನ್ ಕೊಡಲು ಹೆದರಿದವರು ಎಷ್ಟು ಮಂದಿ, ಕೊಟ್ಟು ಭೂಮಿ ಪಡೆದವರು ಎಷ್ಟು ಮಂದಿ ಎಂಬದೆಲ್ಲಾ ಅಜ್ಜಿಯರ ಬಾಯಿಯಿಂದ ಬರುತ್ತದೆ. ಆಗ ಯುರೋಪಿನ ಜೀತದ ಒಕ್ಕಲಿಗನ ಸ್ಥಿತಿಯನ್ನು ಹೋಲಿಸಿ ನೋಡುವದು ಸುಲಭ. ಅವನು ಒಡೆಯನ ಅಪ್ಪಣೆಯಿಲ್ಲದೆ ಜಾಗ ಬಿಟ್ಟು ಹೋಗಕೂಡದು. ವಾರದ ಗೊತ್ತಾದ ದಿವಸಗಳಲ್ಲಿ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಮಗಳಿಗೆ ಮದುವೆ ಮಾಡಬೇಕಾದರೆ ಒಡೆಯನಿಗೆ ಹಣ ತೆರಬೇಕು. ಹೋಲುವದೆಷ್ಟು, ಹೋಲದೆ ಇರುವದೆಷ್ಟು ಎಂದು ಹುಡುಗಿಯರು ತಾವೇ ಪಟ್ಟಿ ಮಾಡುತ್ತಾರೆ.

ಹೂವಿನ ಮನೆಯ ಮಕ್ಕಳಿಗೆ ಇನ್ನೂ ಹತ್ತಿರದ ಒಂದು ಸಂಗತಿಯುಂಟು. ೧೨೬೮ರ ಸುಮಾರಿಗೆ ಪ್ಯಾರಿಸಿನ ಅಧಿಕಾರಿಯಾಗಿದ್ದ ಎತಿಯೆನ್ ಬುವಾಲೋ ಎಂಬವನು ಆ ನಗರದ ಕಸುಬುಗಳ ಕಟ್ಟಳೆಗಳನ್ನು ಪುಸ್ತಕವಾಗಿ ಬರೆಸಿದನು. ಸುಮಾರು ನೂರು ಕಸುಬುಗಳ ಸಂಘಗಳು ಅದರಲ್ಲಿ ಸೇರಿವೆ. ರೇಷ್ಮೆ ನೂಲುವ ಹೆಂಗಸರ ಸಂಘಗಳಿವೆ. ಹೂವಿನ ಶಿರೋಮಾಲೆ ಕಟ್ಟುವವರ ಕಟ್ಟಳೆಯೂ ಇದೆ. ನಮ್ಮಲ್ಲಿ ೮೦೦ ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವು ಮಕ್ಕಳಿಗೂ ಬಾಯಿಗೆ ಬರುತ್ತದೆ. ಆದರೆ ಅಟ್ಟೆಯ ದರವನ್ನು ಗೊತ್ತುಮಾಡುವದರಲ್ಲಿ ಹೂ ಕಟ್ಟಿದ ಕೈಗಳಿಗೆ ಎಷ್ಟು ಮಾತು ಇದೆ? ಏಳುನೂರೈವತ್ತು ವರುಷದ ಹಿಂದೆ ಹೂ ಕಟ್ಟುವವರಿಗೆ ಲಿಖಿತವಾದ ಕಟ್ಟಳೆ ಇತ್ತೆಂದು ಓದಿದ ಹುಡುಗಿಯು ಈ ಪ್ರಶ್ನೆಯನ್ನು ಕೇಳಿಯೇ ಕೇಳುವಳು. ಇದು ಹೊಟ್ಟೆಗೆ ಬಾರದ ವಿದ್ಯೆಯೋ?

ಕಡೆಗೆ, ಹೆಣ್ಣುಮಕ್ಕಳ ಶಾಲೆಯವರಾದ ನಮ್ಮ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ಮಾತನ್ನು ಹೇಳುತ್ತೇವೆ. ಒಂದೇ ಶತಮಾನದ ಮೂವರು ಹೆಂಗಸರನ್ನು ಒಟ್ಟಿಗೆ ನಿಲ್ಲಿಸಿ ನೋಡಿರಿ. ಹನ್ನೆರಡನೆಯ ಶತಮಾನದ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ ಎಂಬ ಮಠಾಧ್ಯಕ್ಷೆಯು ವೈದ್ಯವನ್ನು ಕುರಿತು ಗ್ರಂಥಗಳನ್ನೂ ಸಂಗೀತವನ್ನೂ ರಚಿಸಿದಳು. ಅದೇ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಅಕ್ಕಮಹಾದೇವಿಯು ಅರಮನೆಯನ್ನು ಬಿಟ್ಟು ವಚನಗಳನ್ನು ನುಡಿದಳು. ಮೂರನೆಯವಳು ನಮ್ಮ ಮಂಗಳೂರಿನಲ್ಲಿದ್ದ ಅಶು ಎಂಬ ದಾಸಿ. ಟ್ಯುನೀಸಿಯದಿಂದ ಬಂದು ಮಂಗಳೂರಿನಲ್ಲಿ ವ್ಯಾಪಾರ ಮಾಡುತ್ತಿದ್ದ ಅಬ್ರಹಾಮ್ ಬೆನ್ ಯಿಜು ಎಂಬ ಯೆಹೂದ್ಯನು ೧೧೩೨ನೇ ಅಕ್ಟೋಬರ್ ೧೭ರಂದು ಅವಳನ್ನು ದಾಸ್ಯದಿಂದ ಬಿಡಿಸಿ ಬರೆದುಕೊಟ್ಟ ಪತ್ರವು ಕೈರೋ ನಗರದ ಯೆಹೂದ್ಯ ಸಭಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಉಳಿದುಕೊಂಡಿತು. ಹಿಲ್ಡೆಗಾರ್ಡಳ ಮಾತು ಉಳಿಯಿತು. ಅಕ್ಕನ ಮಾತು ಉಳಿಯಿತು. ಅಶುವಿನ ಹೆಸರು ಮಾತ್ರ ಉಳಿಯಿತು, ಅವಳಾಡಿದ ಒಂದು ಮಾತೂ ಉಳಿಯಲಿಲ್ಲ. ತನ್ನ ಮಾತನ್ನು ಉಳಿಸಿಹೋಗಬೇಕೆಂಬ ಹೆಣ್ಣಿಗೆ ವಿದ್ಯೆಯು ಏತಕ್ಕೆ ಬೇಕೆಂಬದಕ್ಕೆ ಬೇರೆ ದೃಷ್ಟಾಂತವು ಬೇಕೇ?

ಹೆಣ್ಣುಮಕ್ಕಳ ಶಾಲೆಗಳು ಈ ಜಿಲ್ಲೆಗಳಿಗೆ ಮಿಷನಿನವರಿಂದಲೇ ಬಂದವೆಂಬ ಮಾತು ನಮ್ಮ ಸಭೆ ಸಮಾರಂಭಗಳಲ್ಲಿ ಕೇಳಿಬರುವದುಂಟು. ಬಾಸೆಲ್ ಮಿಷನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಅವರೂ ಇತರ ಮಿಷನಿನವರೂ ಕನ್ಯೆಯರ ವಿದ್ಯೆಗೋಸ್ಕರ ಪಟ್ಟ ಶ್ರಮವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಮಿಷನ್ ಶಾಲೆಯಲ್ಲಿಯೇ ಕಲಿತು ಕಲಿಸುವ ನಾವು ಅದನ್ನು ಮರೆಯಲಾರೆವು. ಆದರೆ ಸತ್ಯವು ಇನ್ನೂ ದೊಡ್ಡದು. ನಾವು ಮೇಲೆ ಹೇಳಿದ ಇಬ್ನ್ ಬತೂತನು ಅದೇ ಪ್ರಯಾಣದಲ್ಲಿ ಹೊನ್ನಾವರದಲ್ಲಿ ಇಳಿದು, ಆ ಊರಲ್ಲಿ ಹುಡುಗರಿಗೆ ೨೩ ಶಾಲೆಗಳನ್ನೂ ಹುಡುಗಿಯರಿಗೆ ೧೩ ಶಾಲೆಗಳನ್ನೂ ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ, ಅಲ್ಲಿಯ ಹೆಂಗಸರಿಗೆ ಕುರಾನು ಕಂಠಪಾಠವಾಗಿತ್ತೆಂದೂ ಬರೆದಿದ್ದಾನೆ. ಬೊಲೋನ, ಪ್ಯಾರಿಸ್, ಆಕ್ಸ್‌ಫರ್ಡ್ ಪಟ್ಟಣಗಳ ವಿಶ್ವವಿದ್ಯಾಲಯಗಳು ಗಂಡಸರದೇ ಆಗಿದ್ದ ಆ ಶತಮಾನದಲ್ಲಿ ನಮ್ಮ ಕರಾವಳಿಯ ಒಂದು ರೇವಿನಲ್ಲಿ ಹುಡುಗಿಯರ ಶಾಲೆಗಳು ೧೩!

ಆ ಬಳಿಕ ಐದೂವರೆ ಶತಮಾನ ಕಳೆದು ೧೯೦೧ರ ಜನಗಣತಿ ನಡೆದಾಗ, ಇಡೀ ಹಿಂದೂದೇಶದ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ ಒಬ್ಬರೂ ಇರಲಿಲ್ಲ. ಕಾಲವು ಮುಂದಕ್ಕೆ ಹೋದ ಹಾಗೆಲ್ಲಾ ಹೆಣ್ಣಿನ ಸ್ಥಿತಿಯು ತಾನಾಗಿ ಮೇಲಕ್ಕೆ ಏರುತ್ತದೆಂಬ ಭರವಸೆಯು ಎಷ್ಟು ಪೊಳ್ಳೆಂಬದು ಇದರಿಂದ ಕಾಣುತ್ತದೆ. ನಮ್ಮ ಕಣ್ಣ ಮುಂದೆಯೇ ೨೦೨೧ರಲ್ಲಿ ಅಫಘಾನಿಸ್ತಾನದಲ್ಲಿ ಆರನೆಯ ತರಗತಿಗಿಂತ ಮೇಲಣ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಲ್ಪಟ್ಟಿತು. ಹೊನ್ನಾವರದ ಶಾಲೆಗಳೂ ಮುಸಲ್ಮಾನರವೇ. ಬಾಗಿಲು ಮುಚ್ಚಿದವರೂ ಮುಸಲ್ಮಾನರೇ. ಆದಕಾರಣ ದೋಷವನ್ನು ಮತದ ಹೆಸರಿಗೆ ಕಟ್ಟಿ ಸುಮ್ಮನಾಗುವದು ಸರಿಯಲ್ಲ. ಯಾವ ಮತದವರಲ್ಲಾಗಲಿ, ಬಾಗಿಲನ್ನು ತೆರೆಯುವವರೂ ಮುಚ್ಚುವವರೂ ಮನುಷ್ಯರೇ. ಹತ್ತನೆಯ ತರಗತಿಯಾಯಿತು, ಹುಡುಗಿಗೆ ಇನ್ನು ಇಷ್ಟು ಸಾಕು ಎಂದು ಒಂದು ಮನೆಯಲ್ಲಿ ಆಡುವ ಮಾತೂ ಸಣ್ಣದೊಂದು ಬಾಗಿಲನ್ನು ಮುಚ್ಚುತ್ತದೆ.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವು ಇಷ್ಟೇ. ಗಣಿತವನ್ನು ನಾವು ಕಡಿಮೆ ಮಾಡುವದಿಲ್ಲ. ಚರಿತ್ರೆಯ ಗಂಟೆಯನ್ನು ನೀವು ಕೇಳಬೇಡಿರಿ. ರಜೆಯಲ್ಲಿ ಒಂದು ದಿವಸ ಮಕ್ಕಳನ್ನು ಬಾರ್ಕೂರಿಗೆ ಕರೆದುಕೊಂಡು ಹೋಗಿ ಅಲ್ಲಿಯ ಕೇರಿಗಳನ್ನೂ ಬಸದಿ ದೇವಾಲಯಗಳನ್ನೂ ತೋರಿಸಿರಿ. ಕಾರ್ಕಳದ ಬೆಟ್ಟವನ್ನು ಹತ್ತಿಸಿರಿ. ಮನೆಯಲ್ಲಿ ಹಿರಿಯರಿದ್ದರೆ ಗೇಣಿಯ ಕಾಲದ ಸಂಗತಿಗಳನ್ನು ಮಕ್ಕಳಿಗೆ ಹೇಳಿಸಿರಿ. ನೆರೆಮನೆಯವರ ಮತದ ವಿಷಯವಾಗಿ ಏನಾದರೂ ಸಂಶಯ ಹುಟ್ಟಿದರೆ ಮೊಬೈಲನ್ನು ಕೇಳದೆ ನೆರೆಮನೆಯವರನ್ನೇ ಕೇಳುವ ಅಭ್ಯಾಸವನ್ನು ಮಾಡಿಸಿರಿ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆ ಉಂಟು. ನಿಮ್ಮಲ್ಲಿ ಕೆಲವರು ಕೊಲ್ಲಿಯ ದೇಶಗಳಲ್ಲಿಯೂ ಯುರೋಪಿನಲ್ಲಿಯೂ ಇದ್ದೀರಿ. ಪ್ಲಿನಿಯ ಕಾಲದ ಹಡಗುಗಳು ಸಾಗಿದ ದಾರಿಯ ಮೇಲಣಿಂದಲೇ ಈಗ ನಿಮ್ಮ ವಿಮಾನಗಳು ಹಾರುತ್ತವೆ. ಊರಿಗೆ ಬಂದಾಗ ಒಂದು ಗಳಿಗೆ ಶಾಲೆಗೆ ಬನ್ನಿರಿ. ನೀವು ಕಂಡ ರೋಮಿನ ಕಲ್ಲುಗಳನ್ನೂ ಕೈರೋವಿನ ಬೀದಿಗಳನ್ನೂ ಕುರಿತು ನಿಮ್ಮ ತಂಗಿಯರಿಗೆ ನಮ್ಮ ಕನ್ನಡದಲ್ಲಿ ಹೇಳಿರಿ. ಅವರ ಪ್ರಶ್ನೆಗಳಿಗೆ ಉತ್ತರ ಕೊಡಿರಿ. ನಿಮ್ಮ ಹೆಣ್ಣುಮಕ್ಕಳು ಯಾವ ದೇಶದ ಶಾಲೆಯಲ್ಲಿ ಓದುತ್ತಿದ್ದರೂ, ಹೊನ್ನಾವರದ ೧೩ ಶಾಲೆಗಳ ಮಾತನ್ನು ಅವರಿಗೂ ತಪ್ಪದೆ ತಿಳಿಸಿರಿ.